ಕ್ಯಾನನ್ ಕ್ಯಾಮೆರಾಗೆ ಮಾವನ ಹಳೆಯ ಕ್ಯಾನನ್ ಲೆನ್ಸೇ ಕೂರುವುದಿಲ್ಲ: ಸೆಕೆಂಡ್‌ಹ್ಯಾಂಡ್ ಮ್ಯಾನ್ಯುಯಲ್ ಲೆನ್ಸ್ ಯಾವುದನ್ನು ಕೊಳ್ಳಲಿ?

ಸಾಗರದ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಸಾಗರದ ಬಳಿಯ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ನನ್ನಲ್ಲಿರುವುದು ಕ್ಯಾನನ್ 1500ಡಿ ಕ್ಯಾಮೆರಾ ಮತ್ತು ಅದರೊಂದಿಗೆ ಬಂದ 18–55 ಲೆನ್ಸ್, ಅಷ್ಟೇ. ಕಳೆದ ತಿಂಗಳು ಸೋದರಮಾವನ ಮನೆಯ ಅಟ್ಟ ಗುಡಿಸುವಾಗ ಕ್ಯಾನನ್ ಎಇ-1 ಕ್ಯಾಮೆರಾ ಮತ್ತು ಅದರ 50 ಮಿ.ಮೀ. ಎಫ್/1.8 ಲೆನ್ಸ್ ಸಿಕ್ಕಿದವು. ಎರಡೂ ಒಂದೇ ಕಂಪನಿಯವು, ಆದ್ದರಿಂದ ಕೂಡಿಯೇ ಕೂಡುತ್ತವೆ ಎಂದು ನಂಬಿ ತಿರುಗಿಸಿ ನೋಡಿದೆ, ಕೂಡಲಿಲ್ಲ. ಅಡಾಪ್ಟರ್ ಹುಡುಕಿದರೆ ನಡುವೆ ಗಾಜಿನ ತುಂಡಿರುವಂಥದೇ ಕಾಣಿಸುತ್ತದೆ, ಅದನ್ನು ಹಾಕಿದರೆ ಚಿತ್ರ ಮಂಕಾಗುತ್ತದೆ ಎಂದೂ ಅಲ್ಲಲ್ಲಿ ಬರೆದಿದ್ದಾರೆ.

ಆ ಲೆನ್ಸಿನ ಫೋಕಸ್ ಬಳೆಯನ್ನು ಒಮ್ಮೆ ಕೈಯಲ್ಲಿ ತಿರುಗಿಸಿದ ಮೇಲೆ ನನ್ನ ಪ್ಲಾಸ್ಟಿಕ್ ಲೆನ್ಸ್ ಹಿಡಿಯುವ ಮನಸ್ಸೇ ಆಗುತ್ತಿಲ್ಲ. ಹಾಗಾಗಿ 8 ಸಾವಿರ ರೂಪಾಯಿಯೊಳಗೆ ಹಳೆಯ ಮ್ಯಾನ್ಯುಯಲ್ ಲೆನ್ಸ್ ಒಂದನ್ನು ಕೊಳ್ಳಬೇಕೆಂದಿದ್ದೇನೆ. ಹೆಚ್ಚಾಗಿ ತೆಗೆಯುವುದು ಮಕ್ಕಳ ಮುಖ, ಮಳೆ ನಿಂತ ಮೇಲಿನ ಅಡಿಕೆ ತೋಟ, ಆಗಾಗ ದೂರದ ಗುಡ್ಡ. ಹೀಲಿಯೋಸ್, ಟಾಕುಮಾರ್, ಪೆಂಟಾಕಾನ್, ನಿಕ್ಕೋರ್ ಎಂಬ ಹೆಸರುಗಳನ್ನು ಓದಿ ಓದಿ ತಲೆ ಗಿರ್ರೆನ್ನುತ್ತಿದೆ. ಇವುಗಳಲ್ಲಿ ನನ್ನ ಕ್ಯಾಮೆರಾಗೆ ಯಾವುದು ಕೂರುತ್ತದೆ, ಕೊಳ್ಳುವಾಗ ಏನನ್ನು ನೋಡಬೇಕು ಎಂದು ಅನುಭವಸ್ಥರು ತಿಳಿಸಿದರೆ ಉಪಕಾರವಾದೀತು.

ಹಳೆ ಸ್ಕ್ರೂ

ಮೇಷ್ಟ್ರೇ, ನೀವು ಗಣಿತದವರಾದ್ದರಿಂದ ಲೆಕ್ಕದಿಂದಲೇ ಆರಂಭಿಸುತ್ತೇನೆ. ಲೆನ್ಸ್ ಬಂದು ಕೂರುವ ಲೋಹದ ಬಳೆಯಿಂದ ಫಿಲ್ಮ್ ಅಥವಾ ಸೆನ್ಸರಿನ ಮೇಲ್ಮೈವರೆಗಿನ ಅಂತರಕ್ಕೆ ಫ್ಲ್ಯಾಂಜ್ ದೂರ ಎನ್ನುತ್ತಾರೆ. ಹಳೆಯ ಲೆನ್ಸ್ ಯಾವ ಕ್ಯಾಮೆರಾಗೆ ಹೊಂದುತ್ತದೆ ಎಂಬುದನ್ನು ನಿರ್ಧರಿಸುವುದು ಕಂಪನಿಯ ಹೆಸರಲ್ಲ, ಈ ಒಂದು ಅಂಕಿ. ನಿಮ್ಮ ಮಾವನವರ ಲೆನ್ಸ್ 1971ರಲ್ಲಿ ಬಂದ ಎಫ್‌ಡಿ ಮೌಂಟಿನದು (ಲೆನ್ಸ್ ಮತ್ತು ಕ್ಯಾಮೆರಾ ಕೂಡುವ ಜೋಡಣೆಗೆ ಮೌಂಟ್ ಎನ್ನುತ್ತಾರೆ). ಅದರ ಅಂತರ 42 ಮಿ.ಮೀ. ಕ್ಯಾನನ್ 1987ರಲ್ಲಿ ಆ ಮೌಂಟನ್ನು ಕೈಬಿಟ್ಟು ಇಎಫ್ ಮೌಂಟನ್ನು ತಂದಿತು. ಅದರ ಅಂತರ 44 ಮಿ.ಮೀ. ಅಂದರೆ ಕಾಗದದಷ್ಟು ತೆಳುವಾದ ಅಡಾಪ್ಟರ್ ಮಾಡಿಸಿದರೂ ಲೆನ್ಸ್ ತಾನಿರಬೇಕಾದ ಜಾಗಕ್ಕಿಂತ 2 ಮಿ.ಮೀ. ಮುಂದೆಯೇ ನಿಲ್ಲುತ್ತದೆ.

ಎರಡು ಮಿ.ಮೀ. ಏನು ಮಹಾ ಎಂದುಕೊಳ್ಳಬೇಡಿ. ಲೆನ್ಸ್ ಹೀಗೆ ಮುಂದೆ ನಿಂತಾಗ ಅದು ಫೋಕಸ್ ಮಾಡಬಲ್ಲ ಅತಿ ದೂರವನ್ನು ತಿಳಿಯಲು ಸಂಗಮದೂರದ (ಲೆನ್ಸಿನ ಮೇಲೆ ಬರೆದಿರುವ 50 ಮಿ.ಮೀ.) ವರ್ಗವನ್ನು ಆ ಹೆಚ್ಚುವರಿ ಅಂತರದಿಂದ ಭಾಗಿಸಿದರೆ ಸಾಕು. 50ರ ವರ್ಗ 2500, ಅದನ್ನು 2ರಿಂದ ಭಾಗಿಸಿದರೆ 1250 ಮಿ.ಮೀ.; ಸುಮಾರು ಒಂದೂಕಾಲು ಮೀಟರ್ ಆಚೆಗಿನ ಯಾವುದೂ ಸ್ಪಷ್ಟವಾಗುವುದಿಲ್ಲ. ಮಗುವಿನ ಮುಖ ಸಿಕ್ಕೀತು, ಗುಡ್ಡ ಸಿಗದು. ಈ ಕೊರತೆಯನ್ನು ತುಂಬಲಿಕ್ಕೆಂದೇ ಅಡಾಪ್ಟರಿನಲ್ಲಿ ಗಾಜು ಇಟ್ಟಿರುತ್ತಾರೆ. ಅಗ್ಗದ ಗಾಜು ಒಳ್ಳೆಯ ಲೆನ್ಸಿನ ಗುಣವನ್ನೂ ಕೆಡಿಸುತ್ತದೆ. ಆದ್ದರಿಂದ ಮಾವನವರ ಲೆನ್ಸನ್ನು ಮಾರಬೇಡಿ, ಒರೆಸಿ ಇಡಿ. ಮುಂದೆಂದಾದರೂ ನೀವು ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಕ್ಯಾಮೆರಾ ಕೊಂಡರೆ, ಸೋನಿ ಇ ಮೌಂಟಿನಲ್ಲಿ ಆ ಅಂತರ 18 ಮಿ.ಮೀ., ಕ್ಯಾನನ್ ಆರ್‌ಎಫ್‌ನಲ್ಲಿ 20, ನಿಕಾನ್ ಝಡ್‌ನಲ್ಲಿ 16. ಹಳೆಯ ಎಸ್‌ಎಲ್‌ಆರ್ (ಕನ್ನಡಿಯುಳ್ಳ ಕ್ಯಾಮೆರಾದ) ಲೆನ್ಸುಗಳಿಗೆಲ್ಲ ಅಲ್ಲಿ ಗಾಜಿಲ್ಲದ ಬರಿಯ ಕೊಳವೆಯಂಥ ಅಡಾಪ್ಟರ್ ಸಾಕಾಗುತ್ತದೆ.

ಈಗ ಇದೇ ಲೆಕ್ಕದ ಇನ್ನೊಂದು ಮುಖ ನೋಡಿ. ನಿಕಾನ್ ಎಫ್ ಮೌಂಟ್ (ನಿಕ್ಕೋರ್ ಲೆನ್ಸುಗಳದು) 46.5, ಒಲಿಂಪಸ್ ಓಎಂ 46, ಕಾಂಟ್ಯಾಕ್ಸ್-ಯಾಶಿಕಾ 45.5, ಎಂ42 ಸ್ಕ್ರೂ (ಹೀಲಿಯೋಸ್, ಟಾಕುಮಾರ್, ಪೆಂಟಾಕಾನ್‌ಗಳಲ್ಲಿ ಸಾಮಾನ್ಯ) 45.46 ಮಿ.ಮೀ. ಎಲ್ಲವೂ 44ಕ್ಕಿಂತ ಹೆಚ್ಚು, ಹಾಗಾಗಿ ಎಲ್ಲವೂ ನಿಮ್ಮ ಕ್ಯಾಮೆರಾಗೆ ಕೂರುತ್ತವೆ. ಕ್ಯಾನನ್ ಕ್ಯಾಮೆರಾಗೆ ಹಳೆಯ ನಿಕಾನ್ ಲೆನ್ಸ್ ಹೊಂದಿ ಹಳೆಯ ಕ್ಯಾನನ್ ಲೆನ್ಸ್ ಹೊಂದದಿರುವುದು ವಿಚಿತ್ರವೇ, ಆದರೆ ನಿಜ. ಮಿನೋಲ್ಟಾ (43.5) ಮತ್ತು ಕೋನಿಕಾ (ಸುಮಾರು 40.5) ಲೆನ್ಸುಗಳ ಆಸೆಯನ್ನು ಮಾತ್ರ ಸದ್ಯಕ್ಕೆ ಬಿಟ್ಟುಬಿಡಿ. ನಿಮ್ಮ ಗೆಳೆಯರಲ್ಲಿ ಯಾರಾದರೂ ನಿಕಾನ್ ಡಿಎಸ್‌ಎಲ್‌ಆರ್ ಇಟ್ಟುಕೊಂಡು ಹೀಲಿಯೋಸ್ ಕೊಳ್ಳಲು ಹೊರಟಿದ್ದರೆ ಅವರಿಗೂ ಒಂದು ಮಾತು ಹೇಳಿ: 58 ಮಿ.ಮೀ. ಲೆನ್ಸಿಗೆ 1.04 ಮಿ.ಮೀ. ಹೆಚ್ಚುವರಿ ಅಂತರ ಬಿದ್ದರೆ ಮೂರು ಮೀಟರಿನ ಆಸುಪಾಸಿಗೆ ಫೋಕಸ್ ಮುಗಿದುಹೋಗುತ್ತದೆ, ಅಡಾಪ್ಟರಿನ ದಪ್ಪ ಸೇರಿದರೆ ಇನ್ನೂ ಕಡಿಮೆ.

ಬಳಸುವ ಕ್ರಮವನ್ನೂ ಹೇಳಿಬಿಡುತ್ತೇನೆ. ಇಂಥ ಲೆನ್ಸ್ ಹಾಕಿದಾಗ ಕ್ಯಾಮೆರಾದ ಪರದೆಯ ಮೇಲೆ ಅಪರ್ಚರ್ (ಬೆಳಕು ಬರುವ ರಂಧ್ರದ ಅಳತೆ) ಜಾಗದಲ್ಲಿ 00 ಎಂದು ಬರುತ್ತದೆ, ಹೆದರಬೇಡಿ. ಎವಿ ಮೋಡಿನಲ್ಲಿ ಷಟರ್ ವೇಗವನ್ನು ಕ್ಯಾಮೆರಾವೇ ನೋಡಿಕೊಳ್ಳುತ್ತದೆ. ನಿಮ್ಮ ಕ್ಯಾಮೆರಾದ ಕಣ್ಣಿಟ್ಟು ನೋಡುವ ಕಿಂಡಿ ಚಿಕ್ಕದು, ಅದರಲ್ಲಿ ಕಣ್ಣಂದಾಜಿನಿಂದ ಫೋಕಸ್ ಮಾಡುವುದು ಕಷ್ಟ. ಲೈವ್ ವ್ಯೂನಲ್ಲಿ (ಹಿಂದಿನ ಪರದೆಯ ಮೇಲೆ ದೃಶ್ಯ ಕಾಣುವ ವ್ಯವಸ್ಥೆ) ಹತ್ತು ಪಟ್ಟು ಹಿಗ್ಗಿಸಿ, ಅಪರ್ಚರನ್ನು ಪೂರ್ತಿ ತೆರೆದು ಫೋಕಸ್ ಮಾಡಿ, ಆಮೇಲೆ ಬೇಕಾದಷ್ಟು ಮುಚ್ಚಿಕೊಂಡು ತೆಗೆಯಿರಿ.

ಸಾಗರದ ಮೇಷ್ಟ್ರು

ಇಷ್ಟು ದಿನ ಯಾರೂ ಹೀಗೆ ಭಾಗಾಕಾರ ಮಾಡಿ ಹೇಳಿರಲಿಲ್ಲ. ಮನೆಯ ಟೇಪಿನಿಂದ ಅಳೆದು ನೋಡುವ ಹುಮ್ಮಸ್ಸು ಬಂದಿದೆ. ಹಾಗಾದರೆ ಎಂ42 ಅಥವಾ ನಿಕ್ಕೋರ್ ಕಡೆ ಹೋಗಲೇ?

ಕತ್ತಲಕೋಣೆ

ಹಾಸನದಲ್ಲಿ ಇಪ್ಪತ್ತೇಳು ವರ್ಷ ಸ್ಟುಡಿಯೋ ನಡೆಸಿ ಈಗ ಬಾಗಿಲು ಹಾಕಿರುವವನು ನಾನು. ಮೇಷ್ಟ್ರೇ, ದೂರದ ಹೆಸರುಗಳ ಹಿಂದೆ ಹೋಗುವ ಮೊದಲು ನಿಮ್ಮ ಊರಿನ ಮುಚ್ಚಿದ ಸ್ಟುಡಿಯೋಗಳ ಕಪಾಟನ್ನು ನೋಡಿ ಎನ್ನುವುದು ನನ್ನ ಸಲಹೆ. ನಾನು ಕಂಡಂತೆ ಆ ಕಾಲದಲ್ಲಿ ಮದುವೆ ಮನೆಗಳಿಗೆ ಹೋಗುತ್ತಿದ್ದ ನಮ್ಮಂಥವರ ಕೊರಳಲ್ಲಿ ಇದ್ದದ್ದು ಯಾಶಿಕಾ ಎಫ್‌ಎಕ್ಸ್-3, ಪೆಂಟಾಕ್ಸ್ ಕೆ1000, ಸ್ವಲ್ಪ ಅನುಕೂಲವಿದ್ದವರಲ್ಲಿ ನಿಕಾನ್ ಎಫ್‌ಎಂ2. ಯಾಶಿಕಾದ ಜೊತೆಗೆ ಬರುತ್ತಿದ್ದ 50 ಮಿ.ಮೀ. ಎಫ್/1.9 ಲೆನ್ಸಿನ ಮುಂದಿನ ಬಳೆಯ ಮೇಲೆ ಎಂಎಲ್ ಎಂದು ಕೆತ್ತಿದ್ದರೆ ಅದು ಬಹುಪದರದ ಲೇಪನವುಳ್ಳದ್ದು, ಡಿಎಸ್‌ಬಿ ಎಂದಿದ್ದರೆ ಒಂದೇ ಪದರದ್ದು. ಎಂಎಲ್ ಸಿಕ್ಕರೆ ಹಿಂದೆಮುಂದೆ ನೋಡಬೇಡಿ. ಅದೇ ಮೌಂಟಿನಲ್ಲಿ ಕಾಂಟ್ಯಾಕ್ಸ್ ಕ್ಯಾಮೆರಾಗಳ ಝೈಸ್ ಲೆನ್ಸುಗಳೂ ಬಂದಿವೆ, ಹಾಗಾಗಿ ಒಮ್ಮೆ ಕೊಂಡ ಅಡಾಪ್ಟರ್ ಮುಂದೆ ಹಣ ಬಂದಾಗಲೂ ಕೆಲಸಕ್ಕೆ ಬರುತ್ತದೆ. ನಿಮ್ಮ ಕ್ಯಾಮೆರಾದ ಸೆನ್ಸರ್ ಚಿಕ್ಕದಾದ್ದರಿಂದ 50 ಮಿ.ಮೀ. ಲೆನ್ಸ್ 80 ಮಿ.ಮೀ. ಲೆನ್ಸಿನಷ್ಟು ಕಿರಿದಾದ ನೋಟವನ್ನು ಕೊಡುತ್ತದೆ. ಮಕ್ಕಳ ಮುಖಕ್ಕೆ ಅದು ಒಳ್ಳೆಯದೇ.

ಕೊಳ್ಳುವಾಗ ನೋಡಬೇಕಾದ ಮಾತಿಗೆ ಬರುತ್ತೇನೆ. ಲೆನ್ಸಿನ ಮೇಲೆ ಕೆತ್ತಿದ ಹೆಸರನ್ನು ಕೊನೆಗೆ ಓದಿ. ಮೊದಲು ಅದನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಒಳಗೇನಾದರೂ ಕಟಕಟ ಎಂದರೆ ಕೆಳಗಿಟ್ಟುಬಿಡಿ. ಹಿಂಬದಿಯ ಸಣ್ಣ ಸ್ಕ್ರೂಗಳ ತಲೆಯನ್ನು ನೋಡಿ. ಗೀಟುಗಳು ಕಿತ್ತುಹೋಗಿ ಹೊಳೆಯುತ್ತಿದ್ದರೆ ಯಾರೋ ಬಿಚ್ಚಿದ್ದಾರೆ ಎಂದರ್ಥ, ಏಕೆ ಬಿಚ್ಚಿದರು ಎಂದು ಕೇಳಿ. ಆಮೇಲೆ ಫೋಕಸ್ ಬಳೆಯನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ. ಬಿಗಿಯಾಗಿದ್ದರೆ ಒಳಗಿನ ಗ್ರೀಸ್ ಒಣಗಿದೆ, ಅದು ದೊಡ್ಡ ದೋಷವಲ್ಲ. ಆದರೆ ಮರಳು ಅರೆದಂತೆ ಕರಕರ ಎಂದರೆ ಬೇಡ. ಬಳೆ ತಿರುಗಿಸದೆಯೇ ಲೆನ್ಸಿನ ಮುಂಭಾಗ ಹಲ್ಲು ಸಡಿಲಾದಂತೆ ಅಲುಗಿದರೂ ಬೇಡ.

ಅಪರ್ಚರ್ ಬ್ಲೇಡುಗಳನ್ನು ಕಿರಿದು ಮಾಡಿ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಬ್ಲೇಡುಗಳು ಒಣಗಿ ಮಂಕಾಗಿ ಕಾಣಬೇಕು. ಅವುಗಳ ಮೇಲೆ ಎಣ್ಣೆಯ ಹೊಳಪಿದ್ದರೆ, ಬೇಸಿಗೆಯಲ್ಲಿ ಕರಗಿದ ಗ್ರೀಸ್ ಅಲ್ಲಿಗೆ ಇಳಿದಿದೆ. ಲೆನ್ಸಿನ ಹಿಂದಿರುವ ಸಣ್ಣ ಸನ್ನೆಯನ್ನು ಉಗುರಿನಿಂದ ಒತ್ತಿ ಬಿಟ್ಟರೆ ಬ್ಲೇಡುಗಳು ಟಕ್ಕನೆ ಮುಚ್ಚಿ ತೆರೆಯಬೇಕು, ನಿದ್ದೆಗಣ್ಣಿನ ರೆಪ್ಪೆಯಂತೆ ತಡವರಿಸಬಾರದು. ಕೊನೆಯದು ಟಾರ್ಚ್. ಅಪರ್ಚರ್ ಪೂರ್ತಿ ತೆರೆದು, ಮೊಬೈಲಿನ ಟಾರ್ಚನ್ನು ಹಿಂದಿನಿಂದ ಓರೆಯಾಗಿ ಹಾಯಿಸಿ ಮುಂದಿನಿಂದ ನೋಡಿ, ಆಮೇಲೆ ತಿರುವುಮುರುವು ಮಾಡಿ. ಧೂಳಿನ ಚುಕ್ಕೆಗಳು ಎಷ್ಟಿದ್ದರೂ ಲೆಕ್ಕಕ್ಕಿಲ್ಲ. ಟಾರ್ಚಿನ ಬೆಳಕಿನಲ್ಲಿ ಹೊಸ ಲೆನ್ಸೂ ಗಾಬರಿ ಹುಟ್ಟಿಸುತ್ತದೆ. ಮರದ ಬೇರಿನಂತೆ ಕವಲೊಡೆದ ಎಳೆಗಳಿದ್ದರೆ ಅದು ಬೂಷ್ಟು. ಕನ್ನಡಿಗೆ ಉಸಿರು ಬಿಟ್ಟಂತೆ ಒಂದು ಗಾಜು ಪೂರ್ತಿ ಮಸುಕಾಗಿದ್ದರೆ ಅದು ಎಣ್ಣೆಯ ಆವಿ ಕೂತದ್ದು. ಅಂಚಿನಲ್ಲಿ ಕಾಮನಬಿಲ್ಲಿನಂಥ ಬಣ್ಣದ ಪಟ್ಟಿ ಕಂಡರೆ ಎರಡು ಗಾಜುಗಳನ್ನು ಅಂಟಿಸಿದ ಅಂಟು ಬಿಟ್ಟಿದೆ, ಅದನ್ನು ಸರಿಪಡಿಸುವ ಖರ್ಚಿನಲ್ಲಿ ಇನ್ನೊಂದು ಲೆನ್ಸೇ ಬರುತ್ತದೆ. ಮುಂದಿನ ಗಾಜಿನ ಮೇಲಿನ ಒಂದೆರಡು ಗೀರುಗಳಿಗೆ ಬೆಲೆ ಇಳಿಸಿ ಕೇಳಿ, ಕೊಳ್ಳಿ. ಚಿತ್ರದಲ್ಲಿ ಅವು ಕಾಣುವುದೇ ಅಪರೂಪ. ಹಿಂದಿನ ಗಾಜಿನ ಮೇಲಿನ ಗೀರು ಮಾತ್ರ ಹೆಚ್ಚು ಕಾಡುತ್ತದೆ.

ಗಾಜಿನ ಕಣ್ಣು

ಮೇಲಿನವರು ಹೇಳಿದ ಟಾರ್ಚಿನ ಪರೀಕ್ಷೆಯನ್ನು ಮಾಡಲಾಗದ ಕಡೆ ಕೊಂಡು ಕೈಸುಟ್ಟುಕೊಂಡವನು ನಾನು. ಮೂರು ವರ್ಷದ ಹಿಂದೆ ಆನ್‌ಲೈನಿನಲ್ಲಿ ಒಬ್ಬ ಮಾರಾಟಗಾರರಿಂದ 50 ಮಿ.ಮೀ. ಎಫ್/1.4 ಟಾಕುಮಾರ್ ತರಿಸಿದೆ. ಅವರು ಹಾಕಿದ್ದ ಹನ್ನೆರಡು ಫೋಟೋಗಳೂ ಹೊರಮೈಯವು. ಲೋಹ ಫಳಫಳ ಹೊಳೆಯುತ್ತಿತ್ತು. ಬಂದ ಮೇಲೆ ಟಾರ್ಚ್ ಹಾಯಿಸಿದರೆ ನಡುವಿನ ಗಾಜು ಮಂಜು ಕವಿದ ಕಿಟಕಿಯಂತಿತ್ತು. ಹಿಂದಿರುಗಿಸುವ ಅವಧಿ ಮುಗಿದಿದ್ದರಿಂದ ರಿಪೇರಿಯವರೊಬ್ಬರಿಗೆ ಕೊಟ್ಟೆ. ಅವರು ಒರೆಸಿ, ಒಂದು ಗಾಜನ್ನು ಹಿಂದುಮುಂದಾಗಿ ಕೂರಿಸಿ ವಾಪಸ್ ಕೊಟ್ಟರು. ಮಂಜು ಹೋಯಿತು, ಜೊತೆಗೆ ಸ್ಪಷ್ಟತೆಯೂ ಹೋಯಿತು. ಅಂದಿನಿಂದ, ಗಾಜಿನ ಮೂಲಕ ಟಾರ್ಚ್ ಹಾಯಿಸಿದ ಒಂದು ಫೋಟೋ ಮತ್ತು ಬ್ಲೇಡುಗಳು ಮುಚ್ಚಿ ತೆರೆಯುವ ಹತ್ತು ಸೆಕೆಂಡಿನ ವಿಡಿಯೋ ಕಳಿಸದವರಿಂದ ನಾನು ಕೊಳ್ಳುವುದಿಲ್ಲ. ಜಪಾನಿನ ಮಾರಾಟಗಾರರು ‘ಎಕ್ಸಲೆಂಟ್ ಪ್ಲಸ್ 5’ ಎಂಬಂಥ ಅಂಕ ಕೊಟ್ಟಿರುತ್ತಾರೆ. ಆ ಅಂಕವನ್ನು ಬಿಟ್ಟು ಅದರ ಕೆಳಗೆ ಸಣ್ಣ ಅಕ್ಷರದಲ್ಲಿರುವ ವಿವರವನ್ನು ಓದಿ. ಕೊರಿಯರ್ ಮತ್ತು ಕಸ್ಟಮ್ಸ್ ಖರ್ಚನ್ನು ಸೇರಿಸಿ ನೋಡಿದರೆ 8 ಸಾವಿರದಲ್ಲಿ ಹೊರಗಿನಿಂದ ತರಿಸುವುದು ಮೇಷ್ಟ್ರಿಗೆ ಗಿಟ್ಟದು ಎಂದೇ ನನ್ನ ಅನಿಸಿಕೆ.

ಟಾಕುಮಾರ್ ಬಗ್ಗೆ ಕೇಳಿದ್ದೀರಿ. ಆ 50 ಮಿ.ಮೀ. ಎಫ್/1.4ರ ಮೊದಲ ಮಾದರಿಯಲ್ಲಿ ಎಂಟು ಗಾಜುಗಳಿದ್ದವು. ಆನಂತರದ ಏಳು ಗಾಜಿನ ಮಾದರಿಗಳಲ್ಲಿ ಒಂದು ಗಾಜಿಗೆ ಥೋರಿಯಂ ಬೆರೆಸಿದ್ದರು. ಬೆಳಕನ್ನು ಹೆಚ್ಚು ಬಾಗಿಸುವ, ಆದರೆ ಬಣ್ಣಗಳನ್ನು ಹೆಚ್ಚು ಚೆದುರಿಸದ ಗಾಜು ಬೇಕಾಗಿದ್ದರಿಂದ ಹಾಗೆ ಮಾಡಿದರು. ಅದು ಅಲ್ಪಸ್ವಲ್ಪ ವಿಕಿರಣ ಹೊಮ್ಮಿಸುತ್ತದೆ; ಕ್ಯಾಮೆರಾಗೆ ಹಾಕಿ ಫೋಟೋ ತೆಗೆಯಲು ಭಯಪಡಬೇಕಾಗಿಲ್ಲ, ಆದರೆ ಹಿಂದಿನ ಗಾಜಿಗೆ ಕಣ್ಣು ಒತ್ತಿಟ್ಟು ದಿನಗಟ್ಟಲೆ ನೋಡುವ ವಸ್ತುವೂ ಅಲ್ಲ. ವರ್ಷಗಳು ಕಳೆದಂತೆ ಆ ಗಾಜು ಚಹಾದ ಬಣ್ಣಕ್ಕೆ ತಿರುಗುತ್ತದೆ. ಅತಿನೇರಳೆ ಬೆಳಕಿನಲ್ಲಿ ಕೆಲವು ದಿನ ಇಟ್ಟರೆ ಹಳದಿ ಇಳಿಯುತ್ತದೆ. ಬಿಸಿಲಿಗಿಡುವವರು ಒಂದು ಮಾತನ್ನು ಮರೆಯಬಾರದು: ಲೆನ್ಸ್ ಎಂದರೆ ಭೂತಗನ್ನಡಿಯೇ. ಒಂದು ಬದಿಯನ್ನು ಅಲ್ಯೂಮಿನಿಯಂ ಹಾಳೆಯಿಂದ ಮುಚ್ಚದೆ ಕಿಟಕಿಯಲ್ಲಿಟ್ಟರೆ ಪರದೆ ಸುಟ್ಟೀತು.

ಎಲ್ಬೆ ತೀರ

ನಾನು ಧಾರವಾಡದವನು, ಕೆಲಸದ ನಿಮಿತ್ತ ಜರ್ಮನಿಯ ಡ್ರೆಸ್ಡೆನ್‌ನಲ್ಲಿದ್ದೇನೆ. ಇಲ್ಲಿ ಎಲ್ಬೆ ನದಿಯ ದಂಡೆಯಲ್ಲಿ ಶನಿವಾರದ ಸಂತೆ ನೆರೆಯುತ್ತದೆ. ಹಳೆಯ ತಟ್ಟೆ, ಗಡಿಯಾರ, ಪದಕಗಳ ನಡುವೆ ಪ್ರಾಕ್ಟಿಕಾ ಕ್ಯಾಮೆರಾ ಮತ್ತು ಎಂ42 ಲೆನ್ಸುಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ಸುರಿದಿರುತ್ತಾರೆ. ಅದು ಸಹಜವೂ ಹೌದು, ಏಕೆಂದರೆ ಎಂ42 ಸ್ಕ್ರೂ ಹೆಸರು ಮಾಡಿದ್ದು ಇದೇ ಊರಿನಿಂದ. 1949ರಲ್ಲಿ ಇಲ್ಲಿಂದ ಹೊರಬಂದ ಕಾಂಟ್ಯಾಕ್ಸ್ ಎಸ್ ಕ್ಯಾಮೆರಾದಲ್ಲಿ ಅದು ಇತ್ತು. 42 ಮಿ.ಮೀ. ವ್ಯಾಸ, ಸುತ್ತಿಗೆ ಒಂದು ಮಿ.ಮೀ. ಸಾಗುವ ಸ್ಕ್ರೂ, ಇಷ್ಟು ಸರಳವಾದದ್ದರಿಂದಲೇ ಜಪಾನ್ ಮತ್ತು ಸೋವಿಯತ್ ಒಕ್ಕೂಟದ ಕಾರ್ಖಾನೆಗಳೂ ಅದನ್ನು ಬಳಸಿಕೊಂಡವು. ಮುಂದೆ ಅದನ್ನು ಪೆಂಟಾಕ್ಸ್ ಸ್ಕ್ರೂ ಎಂದೇ ಕರೆಯುವಂತಾಯಿತು ಎಂದರೆ ಇಲ್ಲಿನ ಮುದುಕರಿಗೆ ಈಗಲೂ ಮುಖ ಗಂಟಾಗುತ್ತದೆ.

ಮೇಷ್ಟ್ರೇ, ಹೀಲಿಯೋಸ್ 44-2ರ ವಿಷಯದಲ್ಲಿ ನನ್ನದು ಸ್ಪಷ್ಟ ಅಭಿಪ್ರಾಯ: ನಿಮಗೆ ಅದು ಬೇಡ. ಯೇನಾದ ಝೈಸ್ ಕಾರ್ಖಾನೆಯ ಬಿಯೋಟಾರ್ 58 ಮಿ.ಮೀ. ಎಫ್/2 ಎಂಬ ಲೆನ್ಸಿನ ರಚನೆಯನ್ನು ಅನುಸರಿಸಿ ಯುದ್ಧಾನಂತರ ಸೋವಿಯತ್ ಒಕ್ಕೂಟದಲ್ಲಿ ಮಾಡಿದ ಲೆನ್ಸ್ ಅದು. ಜನ ಅದನ್ನು ಮೆಚ್ಚುವುದು ಹಿನ್ನೆಲೆಯ ಎಲೆಗಳು ಸುಳಿಯಂತೆ ತಿರುಗಿ ಕಾಣುತ್ತವೆ ಎಂಬ ಕಾರಣಕ್ಕೆ. ಆ ಸುಳಿ ಹುಟ್ಟುವುದು ಚಿತ್ರದ ಅಂಚುಗಳಲ್ಲಿ. ಓರೆಯಾಗಿ ಬರುವ ಬೆಳಕಿಗೆ ಲೆನ್ಸಿನ ಕೊಳವೆಯ ಅಂಚು ಅಡ್ಡ ಬಂದಾಗ, ಗುಂಡಗಿರಬೇಕಾದ ಮಸುಕು ಬೆಕ್ಕಿನ ಕಣ್ಣಿನಂತೆ ಉದ್ದವಾಗುತ್ತದೆ, ಅಂಥವು ನಡುವಿನ ಸುತ್ತ ಸಾಲಾಗಿ ನಿಂತು ಸುಳಿಯಂತೆ ಕಾಣುತ್ತವೆ. ನಿಮ್ಮ ಕ್ಯಾಮೆರಾದ ಚಿಕ್ಕ ಸೆನ್ಸರ್ ಆ ಅಂಚುಗಳನ್ನೇ ಕತ್ತರಿಸಿಹಾಕುತ್ತದೆ. ಜಾತ್ರೆಗೆ ಹೋಗಿ ತೇರು ನೋಡದೆ ಬಂದಂತೆ. ಫುಲ್ ಫ್ರೇಮ್ (ಹಳೆಯ ಫಿಲ್ಮಿನಷ್ಟು ದೊಡ್ಡ ಸೆನ್ಸರ್) ಇದ್ದವರ ಮಾತು ಬೇರೆ.

ಎಂ42ನಲ್ಲೇ ಬೇಕೆಂದರೆ ಪೆಂಟಾಕಾನ್ 50 ಮಿ.ಮೀ. ಎಫ್/1.8 ನೋಡಿ. ಅದು ಮೂಲದಲ್ಲಿ ಗೋರ್ಲಿಟ್ಸ್‌ನ ಮೇಯರ್ ಕಾರ್ಖಾನೆಯ ಓರೆಸ್ಟನ್; 1968ರಲ್ಲಿ ಆ ಕಾರ್ಖಾನೆ ಪೆಂಟಾಕಾನ್ ಜೊತೆ ವಿಲೀನವಾದ ಮೇಲೆ ಹೆಸರು ಬದಲಾಯಿತು. ಮೂರನೇ ಒಂದು ಮೀಟರಿನಷ್ಟು ಹತ್ತಿರದಿಂದಲೂ ಫೋಕಸ್ ಆಗುತ್ತದೆ, ನಿಮ್ಮ ತೋಟದ ಹೂವಿಗೆ ಒದಗೀತು. ಎಂ42 ಲೆನ್ಸ್ ಕೊಳ್ಳುವಾಗ ಒಂದು ಸಂಗತಿ ಗಮನಿಸಿ: ಪಕ್ಕದಲ್ಲಿ ಎ ಮತ್ತು ಎಂ ಎಂಬ ಗುಂಡಿಯಿದ್ದರೆ ಎಂ ಕಡೆಗಿಟ್ಟು ಬ್ಲೇಡುಗಳನ್ನು ಕೈಯಿಂದ ಮುಚ್ಚಬಹುದು. ಗುಂಡಿ ಇಲ್ಲದ ಲೆನ್ಸಿನಲ್ಲಿ ಹಿಂದಿನ ಕಡ್ಡಿಯನ್ನು ಯಾರಾದರೂ ಒತ್ತಿ ಹಿಡಿಯದೆ ಬ್ಲೇಡು ಮುಚ್ಚುವುದೇ ಇಲ್ಲ. ಅದಕ್ಕೆ ಒಳಗೆ ಅಂಚು ಚಾಚಿರುವ ಅಡಾಪ್ಟರನ್ನೇ ಕೇಳಿ ಕೊಳ್ಳಬೇಕು.

ಕಡಲತಡಿ

ಉಡುಪಿಯಿಂದ ಬರೆಯುತ್ತಿದ್ದೇನೆ. ಬೂಷ್ಟಿನ ವಿಷಯವನ್ನು ಹಿರಿಯರು ಒಂದೇ ವಾಕ್ಯದಲ್ಲಿ ಮುಗಿಸಿದ್ದಾರೆ, ಆದರೆ ಸಾಗರದ ಮಳೆಗೆ ಅಷ್ಟು ಸಾಲದು. ಬೂಷ್ಟು ಹಿಡಿದ ಲೆನ್ಸ್ ಎಷ್ಟೇ ಅಗ್ಗವಾದರೂ ಮನೆಯೊಳಗೆ ತರಬೇಡಿ, ಇತರ ಲೆನ್ಸುಗಳಿಗೆ ಹರಡುತ್ತದೆ ಎಂಬುದು ನನ್ನ ನಿಲುವು. ನನ್ನ ಮೂರು ಲೆನ್ಸುಗಳು ಒಂದೇ ಮಳೆಗಾಲದಲ್ಲಿ ಹಾಳಾದವು. ಮೂರನ್ನೂ ಅವುಗಳ ಜೊತೆಗೇ ಬಂದ ತೊಗಲಿನ ಚೀಲದಲ್ಲಿ ಭದ್ರವಾಗಿ ಇಟ್ಟಿದ್ದೆ.

ಹಳೆ ಸ್ಕ್ರೂ

ಕಡಲತಡಿಯವರೇ, ನಿಮ್ಮ ಕೊನೆಯ ವಾಕ್ಯದಲ್ಲೇ ಉತ್ತರವಿದೆ. ಬೂಷ್ಟಿನ ಬೀಜಾಣುಗಳು ಗಾಳಿಯಲ್ಲಿ ಎಲ್ಲೆಲ್ಲೂ ಇರುತ್ತವೆ, ನಿಮ್ಮ ಹೊಸ ಲೆನ್ಸಿನೊಳಗೂ ಈಗಾಗಲೇ ಇವೆ. ಅವು ಮೊಳೆಯಲು ಬೇಕಾದದ್ದು ತೇವ, ಕತ್ತಲೆ, ಕದಲದ ಗಾಳಿ. ಈ ಮೂರನ್ನೂ ತೊಗಲಿನ ಚೀಲ ಒದಗಿಸುತ್ತದೆ. ತೊಗಲು ತೇವ ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಬೂಷ್ಟು ಹಿಡಿದ ಲೆನ್ಸನ್ನು ಬೇರೆ ಡಬ್ಬಿಯಲ್ಲಿಡಿ ಎಂಬುದಕ್ಕೆ ನನ್ನ ಒಪ್ಪಿಗೆಯಿದೆ, ಆದರೆ ಮುಟ್ಟಲೇಬಾರದು ಎನ್ನುವುದು ಅತಿಯಾಯಿತು. ಮುಂದಿನ ಅಥವಾ ಹಿಂದಿನ ಗಾಜಿನ ಒಳಬದಿಯ ಅಂಚಿನಲ್ಲಿ ನಾಲ್ಕೆಳೆ ಇದ್ದರೆ ಬಿಚ್ಚಿ ಒರೆಸಬಹುದು. ಅಂಟಿಸಿದ ಎರಡು ಗಾಜುಗಳ ನಡುವೆ ಹೊಕ್ಕಿದ್ದರೆ ಅದು ಯಾರ ಕೈಗೂ ಸಿಗುವುದಿಲ್ಲ. ಬಹಳ ಕಾಲ ಬಿಟ್ಟಿದ್ದರೆ ಲೇಪನವನ್ನೇ ತಿಂದಿರುತ್ತದೆ. ಎಳೆಗಳು ಹೋದರೂ ಅವುಗಳ ಗುರುತು ಗಾಜಿನ ಮೇಲೆ ಉಳಿದುಬಿಡುತ್ತದೆ.

ಮೇಷ್ಟ್ರಿಗೆ ಒಂದು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಅರ್ಧ ಕಿಲೋ ಸಿಲಿಕಾ ಜೆಲ್, ತೇವ ತೋರಿಸುವ ಒಂದು ಸಣ್ಣ ಮಾಪಕ ಸಾಕು. ಮಾಪಕ ನೂರಕ್ಕೆ 40ರಿಂದ 50ರ ನಡುವೆ ನಿಲ್ಲಲಿ. ನೂರಕ್ಕೆ ಇಪ್ಪತ್ತಕ್ಕಿಂತ ಕೆಳಗಿಳಿಸಿ ಗ್ರೀಸ್ ಒಣಗಿಸುವುದೂ ಬೇಡ. ನೀಲಿ ಜೆಲ್ ಗುಲಾಬಿಗೆ ತಿರುಗಿದರೆ ಹುರಿದು ಮತ್ತೆ ಬಳಸಬಹುದು, ಆದರೆ ಅಡುಗೆಯ ಬಾಣಲೆಯಲ್ಲಿ ಖಂಡಿತ ಬೇಡ; ಆ ನೀಲಿ ಬಣ್ಣ ವಿಷಕಾರಿ ಕೋಬಾಲ್ಟಿನದು. ಅಕ್ಕಿ ಡಬ್ಬಿಯಲ್ಲಿ ಲೆನ್ಸ್ ಹುದುಗಿಸುವವರೂ ಇದ್ದಾರೆ. ಅಕ್ಕಿಯ ಹಿಟ್ಟು ಫೋಕಸ್ ಬಳೆಯ ಸಂದಿಗೆ ಇಳಿದದ್ದನ್ನು ನಾನೇ ಕೆರೆದು ತೆಗೆದಿದ್ದೇನೆ.

ಸಾಗರದ ಮೇಷ್ಟ್ರು

ಹದಿನೆಂಟು ದಿನಗಳ ನಂತರ ಬರೆಯುತ್ತಿದ್ದೇನೆ. ನಮ್ಮೂರ ಬಸ್ ನಿಲ್ದಾಣದ ಹಿಂದೆ ಮುಚ್ಚಿದ ಸ್ಟುಡಿಯೋ ಒಂದಿದೆ, ಈಗ ಅಲ್ಲಿ ಜೆರಾಕ್ಸ್ ಅಂಗಡಿ. ಹಿಂದಿನ ಮಾಲೀಕರ ಮಗ ಕಪಾಟಿನ ಮೇಲಿನ ಬಿಸ್ಕತ್ತು ಡಬ್ಬಿಯನ್ನು ಇಳಿಸಿಕೊಟ್ಟರು. ಒಳಗೆ ಯಾಶಿಕಾ ಎಫ್‌ಎಕ್ಸ್-3. ಅದರ ಮೈಮೇಲಿನ ಕಪ್ಪು ಹೊದಿಕೆ ಸುಟ್ಟ ಹಪ್ಪಳದಂತೆ ಉದುರಿ ಬೆರಳಿಗೆಲ್ಲ ಅಂಟಿಕೊಂಡಿತು, ಆದರೆ ಮುಂದಿನ ಬಳೆಯ ಮೇಲೆ ಎಂಎಲ್ ಎಂದಿತ್ತು. ಹಿರಿಯರು ಹೇಳಿದ ಕ್ರಮದಲ್ಲೇ ನೋಡಿದೆ. ಅಲ್ಲಾಡಿಸಿದರೆ ಸದ್ದಿಲ್ಲ. ಸ್ಕ್ರೂಗಳ ತಲೆ ಹೊಸದರಂತಿದೆ. ಫೋಕಸ್ ಬಳೆ ಸ್ವಲ್ಪ ಬಿಗಿ. ಬ್ಲೇಡುಗಳು ಒಣಗಿವೆ, ಟಕ್ಕೆನ್ನುತ್ತವೆ. ಟಾರ್ಚಿನಲ್ಲಿ ಮುಂದಿನ ಗಾಜಿನ ಒಳಂಚಿಗೆ ಗಡಿಯಾರದ ನಾಲ್ಕು ಗಂಟೆಯ ಜಾಗದಲ್ಲಿ ಅಕ್ಕಿಕಾಳಿನಷ್ಟು ಬೂಷ್ಟು ಕಂಡಿತು. ಅದನ್ನು ತೋರಿಸಿದ ಮೇಲೆ, ಕ್ಯಾಮೆರಾ ಸಮೇತ 3,000 ರೂಪಾಯಿಗೆ ಒಪ್ಪಿದರು. ಅಡಾಪ್ಟರ್ ಬೇರೆಯಾಗಿ ತರಿಸಿದೆ.

ಮುಖಗಳು ಸೊಗಸಾಗಿ ಬರುತ್ತಿವೆ. ತೊಂದರೆ ಇರುವುದು ಗುಡ್ಡದಲ್ಲಿ. ಫೋಕಸ್ ಬಳೆಯನ್ನು ಅನಂತದ (ಅತಿ ದೂರದ) ಗುರುತಿಗೆ ತಂದು ನಿಲ್ಲಿಸಿದರೂ ಗುಡ್ಡ ಮಸುಕು. ಶಾಲೆಯ ಮೈದಾನದಲ್ಲಿ ಟೇಪ್ ಹಿಡಿದು, ಹುಡುಗರ ಕೈಗೆ ಅಕ್ಷರ ಬರೆದ ರಟ್ಟು ಕೊಟ್ಟು ಎರಡೆರಡು ಮೀಟರಿಗೆ ಒಬ್ಬೊಬ್ಬರನ್ನು ನಿಲ್ಲಿಸಿ, ಎಫ್/1.9ರಲ್ಲಿ ಹತ್ತು ಪಟ್ಟು ಹಿಗ್ಗಿಸಿ ನೋಡಿದೆ. ಅನಂತದ ಗುರುತಿನಲ್ಲಿ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು 16 ಮೀಟರಿನ ಹುಡುಗ. ‘ಹಳೆ ಸ್ಕ್ರೂ’ ಅವರ ಸೂತ್ರವನ್ನು ತಿರುಗಿಸಿ ಹಾಕಿದರೆ 2500 ಭಾಗಿಸು 16,000, ಅಂದರೆ ಲೆನ್ಸ್ 0.16 ಮಿ.ಮೀ. ಮುಂದೆ ನಿಂತಿದೆ. ದೋಷ ಲೆನ್ಸಿನದೋ ಅಡಾಪ್ಟರಿನದೋ ಎಂದು ತಿಳಿಯುವುದು ಹೇಗೆ?

ಕತ್ತಲಕೋಣೆ

ಆ ಹಪ್ಪಳ ಉದುರುವ ಕ್ಯಾಮೆರಾ ಈಗ ಕೆಲಸಕ್ಕೆ ಬರುತ್ತದೆ ನೋಡಿ. ಲೆನ್ಸನ್ನು ಅದಕ್ಕೇ ಹಾಕಿ, ಹಿಂದಿನ ಬಾಗಿಲು ತೆರೆಯಿರಿ. ಷಟರನ್ನು ಬಿ ಗುರುತಿಗಿಟ್ಟು ಗುಂಡಿ ಒತ್ತಿ ಹಿಡಿದರೆ ಅದು ತೆರೆದೇ ಇರುತ್ತದೆ. ಫಿಲ್ಮ್ ಜಾರುವ ಎರಡು ಲೋಹದ ಹಳಿಗಳಿಗೆ ಬೆಣ್ಣೆ ಕಾಗದದ ತುಂಡನ್ನು ಬಿಗಿಯಾಗಿ ಎಳೆದು ಅಂಟಿಸಿ, ತಲೆಯ ಮೇಲೆ ಕಪ್ಪು ಬಟ್ಟೆ ಹೊದ್ದು, ಅನಂತದ ಗುರುತಿನಲ್ಲಿ ಗುಡ್ಡವನ್ನು ನೋಡಿ. ಭೂತಗನ್ನಡಿಯಿಂದ ಕಾಗದವನ್ನು ನೋಡಿದಾಗ ಗುಡ್ಡ ಸ್ಪಷ್ಟವಾಗಿದ್ದರೆ ಲೆನ್ಸ್ ಸರಿಯಿದೆ.

ಸಾಗರದ ಮೇಷ್ಟ್ರು

ನೋಡಿದೆ. ಬೆಣ್ಣೆ ಕಾಗದದ ಮೇಲೆ ಗುಡ್ಡ ತಲೆಕೆಳಗಾಗಿ, ಅದರ ತುದಿಯ ಮೊಬೈಲ್ ಟವರ್ ಕೆಳಮುಖವಾಗಿ, ಟವರಿನ ಅಡ್ಡಕಂಬಿಗಳೂ ಎಣಿಸುವಷ್ಟು ಸ್ಪಷ್ಟ. ಒಂಬತ್ತನೆಯ ತರಗತಿಯವರು ಸಾಲು ನಿಂತು ಬಟ್ಟೆಯೊಳಗೆ ತಲೆ ತೂರಿಸಿದರು. ಆಮೇಲೆ ಪ್ರಯೋಗಶಾಲೆಯ ಸ್ಕ್ರೂಗೇಜಿನಿಂದ ಅಡಾಪ್ಟರಿನ ಅಂಚನ್ನು ನಾಲ್ಕು ಕಡೆ ಅಳೆದೆ. 45.5ರಲ್ಲಿ 44 ಕಳೆದರೆ ಇರಬೇಕಾದದ್ದು 1.50 ಮಿ.ಮೀ.; ಸಿಕ್ಕಿದ್ದು 1.66, 1.65, 1.66, 1.66. ಮೈದಾನದ ಲೆಕ್ಕಕ್ಕೂ ಇದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಇದನ್ನು ಉಜ್ಜಿ ತೆಳು ಮಾಡಬಹುದೇ, ಅಥವಾ ಬೇರೆ ತರಿಸಲೇ?

ಹಳೆ ಸ್ಕ್ರೂ

ಮಾರಿದವರು ಬದಲಿಸಿಕೊಟ್ಟರೆ ಅದೇ ಒಳ್ಳೆಯದು. ಕೊಡದಿದ್ದರೆ ಉಜ್ಜಿ. ಲೆನ್ಸನ್ನು ಹಿಡಿದಿಡುವ ಸ್ಪ್ರಿಂಗನ್ನು ಬಿಚ್ಚಿಟ್ಟು, ಕಿಟಕಿ ಗಾಜಿನ ತುಂಡಿನ ಮೇಲೆ 400ರ ನೀರು ಕಾಗದವನ್ನು (ನೀರು ತಾಕಿದರೂ ಕೆಡದ ಉಪ್ಪುಕಾಗದ) ಹಾಸಿ, ಲೆನ್ಸ್ ಕೂರುವ ಬದಿಯನ್ನು ಕೆಳಗೆ ಮಾಡಿ ಎಂಟರ ಆಕಾರದಲ್ಲಿ ತಿರುಗಿಸುತ್ತಾ ಉಜ್ಜಿ. ಆ ಬದಿಗೆ ಮೊದಲು ಮಾರ್ಕರ್‌ನಿಂದ ಬಣ್ಣ ಬಳಿದರೆ ಎಲ್ಲಿ ಸವೆಯುತ್ತಿದೆ, ಎಲ್ಲಿ ಇಲ್ಲ ಎಂದು ಕಾಣುತ್ತದೆ. ಇಪ್ಪತ್ತು ಸುತ್ತಿಗೊಮ್ಮೆ ನಾಲ್ಕೂ ಕಡೆ ಅಳೆಯಿರಿ, 1.48ಕ್ಕೆ ನಿಲ್ಲಿಸಿ; 0.02 ಮಿ.ಮೀ.ನಷ್ಟು ತೆಳುವಾದರೆ ನಷ್ಟವಿಲ್ಲ, ಬಳೆಯನ್ನು ಅನಂತಕ್ಕೆ ಕೊಂಚ ಮೊದಲೇ ನಿಲ್ಲಿಸಿದರಾಯಿತು. ಕ್ಯಾಮೆರಾಗೆ ಹಾಕುವ ಮೊದಲು ಸೋಪು ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದು ಪೂರ್ತಿ ಒಣಗಿಸಿ. ಒಂದು ಚೂರು ಲೋಹದ ಪುಡಿ ಸೆನ್ಸರಿನ ಮೇಲೆ ಬಿದ್ದರೆ 3,000ದ ಲೆನ್ಸಿಗಿಂತ ದುಬಾರಿಯಾಗುತ್ತದೆ.